ದುಃಖಕ್ಕೆ ಜೊತೆಯಾಗುವ ವಿದ್ಯೆ

ಹದಿಮೂರನೆಯ ದಿನದ ಊಟ ಮುಗಿದಿದೆ. ಮನೆಯ ಮುಂದಿನ ಶಾಮಿಯಾನ ಬಿಚ್ಚಿ ಗಾಡಿಗೆ ಹೇರುತ್ತಿದ್ದಾರೆ. ದೂರದ ನೆಂಟರು ಸಂಜೆಯ ಬಸ್ಸಿಗೆ ಹೊರಟಿದ್ದಾರೆ. ಹೊರಡುವ ಮೊದಲು ಪ್ರತಿಯೊಬ್ಬರೂ ಮನೆಯ ಹಿರಿಯ ಮಗನ ಬೆನ್ನು ತಟ್ಟಿ, "ಧೈರ್ಯವಾಗಿರಪ್ಪ, ಇನ್ನು ಅಪ್ಪನನ್ನೂ ತಂಗಿಯನ್ನೂ ನೋಡಿಕೊಳ್ಳಬೇಕಾದವನು ನೀನೇ" ಎನ್ನುತ್ತಾರೆ. ಹುಡುಗ ಮೊದಲ ವರ್ಷದ ಪಿ.ಯು.ಸಿ.ಯಲ್ಲಿದ್ದಾನೆ. ತಾಯಿ ಎರಡು ವರ್ಷ ಕ್ಯಾನ್ಸರಿನಿಂದ ನರಳಿ ತೀರಿಕೊಂಡಿದ್ದಾರೆ. ಅವನು ಸುಮ್ಮನೆ ತಲೆಯಾಡಿಸುತ್ತಾನೆ, ಅಳುವುದಿಲ್ಲ. 'ಗಟ್ಟಿ ಹುಡುಗ' ಎಂದು ಎಲ್ಲರೂ ಮೆಚ್ಚಿಕೊಳ್ಳುತ್ತಾರೆ.

ಮೂರು ತಿಂಗಳ ನಂತರ ಅದೇ ಹುಡುಗನ ರಸಾಯನಶಾಸ್ತ್ರದ ಉತ್ತರ ಪತ್ರಿಕೆ ಅರ್ಧ ಖಾಲಿ. ತಂದೆ ಕೆಲಸದಿಂದ ತಡವಾಗಿ ಬಂದು ಮಾತಿಲ್ಲದೆ ಮಲಗುತ್ತಾರೆ. ತಂಗಿ ಒಬ್ಬಳೇ ಮಲಗಲು ಹೆದರುತ್ತಾಳೆ. ಮೂವರೂ ಒಂದೇ ಸೂರಿನಡಿ ಇದ್ದಾರೆ. ಆದರೆ ಅಮ್ಮನ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಎತ್ತಿದರೆ ಉಳಿದವರಿಗೆ ನೋವಾದೀತೆಂಬ ಅಂಜಿಕೆ!

ಇಂಥ ಮನೆಗಳು ಎಲ್ಲ ಊರುಗಳಲ್ಲೂ ಇವೆ. ಇವರಿಗೆ ನೆರವಾಗುವುದು ಹೇಗೆ? ಒಳ್ಳೆಯ ಮನಸ್ಸಿದ್ದರೆ ಸಾಕೇ? ಸಾಲದು. ಇದೂ ಕಲಿಯಬೇಕಾದ ಒಂದು ವಿದ್ಯೆ. ಮನಶ್ಶಾಸ್ತ್ರಜ್ಞರಿಗೆ ಇದಕ್ಕಾಗಿಯೇ ತರಬೇತಿ ಕೊಡಲಾಗುತ್ತದೆ.

ಬೆಂಕಿಯಿಂದ ಬಂದ ಪಾಠ

ವಿಯೋಗದ ದುಃಖವನ್ನು ವೈದ್ಯರು ಹತ್ತಿರದಿಂದ ಗಮನಿಸಲು ಒಂದು ದುರಂತವೇ ಕಾರಣವಾಯಿತು. 1942ರ ನವೆಂಬರ್ 28ರಂದು ಅಮೆರಿಕದ ಬಾಸ್ಟನ್ ನಗರದ 'ಕೋಕೋನಟ್ ಗ್ರೋವ್' ಎಂಬ ರಾತ್ರಿ ಕ್ಲಬ್ಬಿಗೆ ಬೆಂಕಿ ಬಿದ್ದು 492 ಜನ ಸತ್ತರು. ಬದುಕುಳಿದವರನ್ನೂ ಸತ್ತವರ ಬಂಧುಗಳನ್ನೂ ಮಾತನಾಡಿಸಿದವರಲ್ಲಿ ಎರಿಕ್ ಲಿಂಡೆಮನ್ ಎಂಬ ಮನೋವೈದ್ಯರೂ ಒಬ್ಬರು. 1944ರಲ್ಲಿ ಅವರು ಪ್ರಕಟಿಸಿದ ಲೇಖನ ಈ ಕ್ಷೇತ್ರದ ತಳಹದಿಗಳಲ್ಲಿ ಒಂದು. ಗಂಟಲು ಬಿಗಿಯುವುದು, ಉಸಿರು ಕಟ್ಟಿದಂತಾಗುವುದು, ನಿಟ್ಟುಸಿರು, ಹೊಟ್ಟೆಯಲ್ಲಿ ಏನೋ ಬರಿದಾದ ಭಾವ - ಇವೆಲ್ಲ ಅಲೆ ಅಲೆಯಾಗಿ ಬರುತ್ತವೆ, 20 ನಿಮಿಷದಿಂದ ಒಂದು ಗಂಟೆಯವರೆಗೆ ಇದ್ದು ಇಳಿಯುತ್ತವೆ ಎಂದು ಅವರು ದಾಖಲಿಸಿದರು. ಮೊದಲು ದುಃಖವನ್ನೇ ತೋರಿಸದವರಲ್ಲಿ ಅದು ತಡವಾಗಿ ತಲೆಯೆತ್ತಬಹುದೆಂದೂ ಬರೆದರು. ನಮ್ಮ 'ಗಟ್ಟಿ ಹುಡುಗ'ನ ಖಾಲಿ ಉತ್ತರ ಪತ್ರಿಕೆಗೆ ಇಲ್ಲೊಂದು ಸುಳಿವಿದೆಯಲ್ಲವೇ?

ಬಾಸ್ಟನ್ನಿನ ಸಾವುಗಳು ಹಠಾತ್ತನೆ ಬಂದವು. ಕ್ಯಾನ್ಸರಿನ ಸಾವು ಸಾಮಾನ್ಯವಾಗಿ ಹಾಗಲ್ಲ, ಅದು ಮುನ್ಸೂಚನೆ ಕೊಟ್ಟು ಬರುತ್ತದೆ. ಆದ್ದರಿಂದ ಕುಟುಂಬಕ್ಕೆ ಕೊಡುವ ನೆರವೂ ಸಾವಿಗೆ ಮೊದಲೇ ಆರಂಭವಾಗಬೇಕು. ಇದನ್ನು ಕಾರ್ಯರೂಪಕ್ಕೆ ತಂದವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಮೊದಲು ನರ್ಸ್ ಆಗಿ, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ವೈದ್ಯೆಯಾದ ಈಕೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆರೈಕೆಧಾಮ ತೆರೆದರು. ಅಲ್ಲಿ ಅವರ ಜೊತೆಗೂಡಿದ ಮನೋವೈದ್ಯ ಕಾಲಿನ್ ಮರ್ರೆ ಪಾರ್ಕ್ಸ್, ರೋಗಿಯ ಮರಣಾನಂತರ ಮನೆಯವರಲ್ಲಿ ಯಾರು ಹೆಚ್ಚು ಕುಸಿಯುವ ಸಂಭವವಿದೆ ಎಂದು ಮೊದಲೇ ಗುರುತಿಸಿ, ತರಬೇತಿ ಪಡೆದ ಸ್ವಯಂಸೇವಕರನ್ನು ಅಂಥವರ ಮನೆಗೆ ಕಳಿಸುವ ಪದ್ಧತಿ ರೂಪಿಸಿದರು.

ಕ್ಯಾನ್ಸರಿನ ದುಃಖ ಬೇರೆ ಬಗೆಯದು

ಈ ಕಾಯಿಲೆ ಮನೆಯವರ ಮನಸ್ಸಿನಲ್ಲಿ ಕೆಲವು ವಿಶೇಷ ಗಂಟುಗಳನ್ನು ಹಾಕಿ ಹೋಗುತ್ತದೆ. "ಮೊದಲೇ ದೊಡ್ಡ ಆಸ್ಪತ್ರೆಗೆ ತೋರಿಸಿದ್ದರೆ?" ಎಂದು ಗಂಡ ಕೊರಗುತ್ತಾನೆ. ರೋಗಿಗೆ ರೋಗದ ಹೆಸರನ್ನೇ ಹೇಳದೆ ಮುಚ್ಚಿಟ್ಟ ಮನೆಗಳಲ್ಲಿ, ಕೊನೆಯ ಮಾತು ಆಡಲಾಗಲಿಲ್ಲವೆಂಬ ಸಂಕಟ ಉಳಿಯುತ್ತದೆ. ಚಿಕಿತ್ಸೆಗೆ ಮಾಡಿದ ಸಾಲ ಬಾಗಿಲಲ್ಲಿ ಕಾದಿರುತ್ತದೆ. ನೋವು ನೋಡಲಾಗದೆ "ದೇವರೇ, ಬೇಗ ಮುಗಿಸು" ಎಂದು ಬೇಡಿಕೊಂಡ ಮಗ, ಸಾವಿನ ನಂತರ ತಾನೇ ಅಪರಾಧಿ ಎಂದುಕೊಳ್ಳುತ್ತಾನೆ.

ಚಿಕ್ಕ ಮಕ್ಕಳ ಲೆಕ್ಕಾಚಾರ ಇನ್ನೂ ವಿಚಿತ್ರ. "ನಾನು ಅವತ್ತು ಅಮ್ಮನ ಜೊತೆ ಜಗಳವಾಡಿದೆ, ಅದಕ್ಕೇ ಅವಳಿಗೆ ಕಾಯಿಲೆ ಬಂತು" ಎಂದು ಒಂದು ಮಗು ನಂಬಿರಬಹುದು. ಜೊತೆಯಲ್ಲಿ ಮಲಗಿದ್ದಕ್ಕೆ ತನಗೂ ಅಂಟಿರಬಹುದೆಂದು ಇನ್ನೊಂದು ಹೆದರಬಹುದು. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಸಿಟ್ಟು, ಜಗಳ, ಬೈಗುಳಗಳಿಂದ ಅದು ಬರುವುದೂ ಇಲ್ಲ. ಇಷ್ಟು ಸರಳ ವಿಷಯವನ್ನು ಆ ಮಗುವಿಗೆ ಯಾರಾದರೂ ಬಾಯಿಬಿಟ್ಟು ಹೇಳಬೇಕು. ದೊಡ್ಡವರಿಗೆ ಇದು ಹೊಳೆಯುವುದೇ ಇಲ್ಲ, ಏಕೆಂದರೆ ಮಗು ಕೇಳಿರುವುದಿಲ್ಲ.

ತರಬೇತಿಯಲ್ಲಿ ಏನು ಕಲಿಸುತ್ತಾರೆ?

ಕಲಿಯುವುದಕ್ಕಿಂತ ಮೊದಲು ಕೆಲವನ್ನು ಮರೆಯಬೇಕು. ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ 'ಐದು ಹಂತ'ಗಳ ಮಾತನ್ನು ಬಹಳ ಜನ ಕೇಳಿರುತ್ತಾರೆ. ಎಲಿಜಬೆತ್ ಕೂಬ್ಲರ್-ರಾಸ್ ಅವರು 1969ರ ತಮ್ಮ ಪುಸ್ತಕದಲ್ಲಿ ಇವನ್ನು ಹೇಳಿದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳನ್ನು ಮಾತನಾಡಿಸಿ. ದುಃಖಿಸುವವರೆಲ್ಲ ಈ ಐದು ಮೆಟ್ಟಿಲುಗಳನ್ನು ಕ್ರಮವಾಗಿ ಹತ್ತಲೇಬೇಕೆಂಬ ನಿಯಮವಿಲ್ಲ. "ನಿಮಗೆ ಇನ್ನೂ ಕೋಪ ಬಂದಿಲ್ಲವೇ?" ಎಂದು ಕಾಯುತ್ತ ಕೂರುವ ಸಲಹೆಗಾರ ಎದುರಿಗಿರುವ ಮನುಷ್ಯನನ್ನೇ ನೋಡುತ್ತಿಲ್ಲ ಎಂದರ್ಥ.

ಅದರ ಬದಲು ಇಂದು ಕಲಿಸುವ ಚಿತ್ರ ಹೆಚ್ಚು ಸಹಜವಾದುದು. ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಎಂಬ ಸಂಶೋಧಕರು 1999ರಲ್ಲಿ ಮಂಡಿಸಿದ ವಿಚಾರದಂತೆ, ದುಃಖದಲ್ಲಿರುವವರು ಗಡಿಯಾರದ ಲೋಲಕದ ಹಾಗೆ ಎರಡು ಕಡೆ ತೂಗಾಡುತ್ತಾರೆ. ಒಂದು ಗಳಿಗೆ ಅಗಲಿಕೆಯ ನೆನಪು, ಮತ್ತೊಂದು ಗಳಿಗೆ ರೇಷನ್ನು, ಫೀಸು, ನಾಳೆಯ ಅಡುಗೆ. ಎರಡೂ ಬೇಕು. ಅಮ್ಮ ಸತ್ತ ತಿಂಗಳಲ್ಲೇ ಕ್ರಿಕೆಟ್ ಆಡಲು ಹೋದ ಹುಡುಗ ಕಲ್ಲುಹೃದಯದವನಲ್ಲ, ಅವನ ಲೋಲಕ ಆಗ ಈ ಕಡೆಗೆ ಬಂದಿದೆ, ಅಷ್ಟೇ.

ಮುಂದಿನ ಪಾಠ ಕೇಳಿಸಿಕೊಳ್ಳುವುದು. ಇಬ್ಬರು ಶಿಕ್ಷಣಾರ್ಥಿಗಳಲ್ಲಿ ಒಬ್ಬರು ಹೆಂಡತಿಯನ್ನು ಕಳೆದುಕೊಂಡ ಗಂಡನ ಪಾತ್ರ ವಹಿಸುತ್ತಾರೆ, ಇನ್ನೊಬ್ಬರು ಸಲಹೆಗಾರರಾಗುತ್ತಾರೆ. 'ಗಂಡ' ಮಾತು ನಿಲ್ಲಿಸಿ ನೆಲ ನೋಡುತ್ತಾನೆ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು. ಹೊಸಬರಿಗೆ ಈ ಮೌನ ಸಹಿಸಲಾಗುವುದಿಲ್ಲ. "ಎಲ್ಲ ಸರಿಹೋಗುತ್ತದೆ ಬಿಡಿ" ಎಂದುಬಿಡುತ್ತಾರೆ. ಆಗ ಮೇಲ್ವಿಚಾರಕರು ತಡೆದು ಕೇಳುತ್ತಾರೆ: "ಆ ಮಾತು ಯಾರಿಗೆ ಬೇಕಾಗಿತ್ತು, ಅವರಿಗೋ, ನಿಮಗೋ?" ಸಮಾಧಾನದ ಮಾತು ಎಷ್ಟೋ ಸಲ ಹೇಳುವವನ ಸಂಕಟ ಕಳೆಯಲು ಹುಟ್ಟುತ್ತದೆ, ಕೇಳುವವನ ಬಾಯಿ ಮುಚ್ಚಿಸುತ್ತದೆ. ಈ ಒಂದು ಸತ್ಯ ಮೈಗೂಡಿದರೆ ತರಬೇತಿಯ ಅರ್ಧ ಮುಗಿದಂತೆ.

ಕುಟುಂಬದ ನಕ್ಷೆ ಬರೆಯುವುದನ್ನೂ ಕಲಿಸುತ್ತಾರೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ತೀರಿಕೊಂಡವರ ಗುರುತಿನ ಮೇಲೆ ಅಡ್ಡಗೆರೆಗಳು. ಮೂರು ತಲೆಮಾರು ಬರೆಯುವಷ್ಟರಲ್ಲಿ, ಅಜ್ಜಿಯ ಸಾವಿನ ಬಗ್ಗೆಯೂ ಈ ಮನೆಯಲ್ಲಿ ಯಾರೂ ಮಾತನಾಡಿರಲಿಲ್ಲ ಎಂಬಂಥ ಸಂಗತಿಗಳು ತಾವಾಗಿ ಹೊರಬರುತ್ತವೆ. ಶಿಕ್ಷಣಾರ್ಥಿ ತನ್ನ ಮನೆಯ ನಕ್ಷೆಯನ್ನೂ ಬರೆಯಬೇಕಾಗಬಹುದು. ತನ್ನೊಳಗೆ ಮಾಯದ ಗಾಯ ಇಟ್ಟುಕೊಂಡವನು ಇನ್ನೊಬ್ಬರ ಗಾಯಕ್ಕೆ ಕೈಹಾಕಿದರೆ ಇಬ್ಬರಿಗೂ ಅಪಾಯ.

ಇಡೀ ಮನೆಯನ್ನು ಒಟ್ಟಿಗೆ ಕೂರಿಸಿ

ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಡೇವಿಡ್ ಕಿಸೇನ್ ಎಂಬ ಮನೋವೈದ್ಯರು ಮತ್ತು ಅವರ ತಂಡ ಒಬ್ಬೊಬ್ಬರನ್ನಲ್ಲದೆ ಕುಟುಂಬವನ್ನೇ ಘಟಕವಾಗಿ ತೆಗೆದುಕೊಂಡರು. ಮನೆಯವರಲ್ಲಿ ಒಗ್ಗಟ್ಟು ಎಷ್ಟಿದೆ, ಮಾತುಕತೆ ಎಷ್ಟಿದೆ, ಜಗಳ ಎಷ್ಟಿದೆ ಎಂದು ಪ್ರಶ್ನಾವಳಿಯಿಂದ ಅಳೆದು, ಕಷ್ಟಕ್ಕೆ ಸಿಲುಕಬಹುದಾದ ಕುಟುಂಬಗಳೊಡನೆ ರೋಗಿ ಬದುಕಿರುವಾಗಲೇ ಮಾತುಕತೆ ಆರಂಭಿಸಿ ಸಾವಿನ ನಂತರವೂ ಮುಂದುವರಿಸಿದರು. 81 ಕುಟುಂಬಗಳ ಮೇಲಿನ ಅವರ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಒಟ್ಟಾರೆ ಪ್ರಯೋಜನ ಸಾಧಾರಣ. ಆದರೆ ಆರಂಭದಲ್ಲೇ ಹೆಚ್ಚು ಯಾತನೆಯಲ್ಲಿದ್ದವರಿಗೆ ಗಮನಾರ್ಹ ಲಾಭವಾಗಿತ್ತು. ಪರಸ್ಪರ ದ್ವೇಷವಿರುವ ಕುಟುಂಬಗಳಲ್ಲಿ ಮಾತ್ರ ಎಚ್ಚರ ಬೇಕು, ಜಗಳ ಹೆಚ್ಚದಂತೆ ನೋಡಿಕೊಳ್ಳಬೇಕು ಎಂದು ತಂಡ ಹೇಳಿತು. ಅರೆಬರೆ ಕಲಿತವರು ಈ ಕೆಲಸಕ್ಕೆ ಇಳಿಯಬಾರದು ಎನ್ನುವುದು ಇದಕ್ಕೇ.

ದುಃಖಿಸುವ ಎಲ್ಲರಿಗೂ ಮನಶ್ಶಾಸ್ತ್ರಜ್ಞರು ಬೇಕೇ? ಖಂಡಿತ ಬೇಡ. ದುಃಖ ರೋಗವಲ್ಲ. ಹೆಚ್ಚಿನವರು ಬಂಧುಗಳ, ಗೆಳೆಯರ ಆಸರೆಯಲ್ಲಿ ನಿಧಾನವಾಗಿ ಚೇತರಿಸಿಕೊಳ್ಳುತ್ತಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ಒಂದು ವಿಶ್ಲೇಷಣೆಯ ಪ್ರಕಾರ ಸುಮಾರು ಹತ್ತರಲ್ಲಿ ಒಬ್ಬರಿಗೆ ಮಾತ್ರ ದುಃಖ ಸಡಿಲಗೊಳ್ಳದೆ ಬದುಕನ್ನೇ ಕಟ್ಟಿಹಾಕುತ್ತದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ ಇದನ್ನು 'ದೀರ್ಘಕಾಲದ ಶೋಕ'ವೆಂದು ಗುರುತಿಸಿದೆ. ಆದರೆ ಕನಿಷ್ಠ ಆರು ತಿಂಗಳು ಕಳೆದಿರಬೇಕು, ಆಯಾ ಸಮಾಜದ ರೂಢಿಯನ್ನೂ ಮೀರಿರಬೇಕು ಎಂಬ ಷರತ್ತುಗಳಿವೆ. ಯಾರಿಗೆ ಚಿಕಿತ್ಸೆ ಬೇಕು, ಯಾರಿಗೆ ಬರೇ ಜೊತೆ ಸಾಕು ಎಂದು ತಿಳಿಯುವುದೂ ತರಬೇತಿಯ ಮುಖ್ಯ ಭಾಗ.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಬೇಕಾದ ನೆಲೆಗಳಿವೆ. ನಿಮ್ಹಾನ್ಸ್ ಆವರಣದಲ್ಲಿ 1950ರ ದಶಕದಿಂದಲೂ ಚಿಕಿತ್ಸಾ ಮನಶ್ಶಾಸ್ತ್ರಜ್ಞರು ತರಬೇತಿ ಪಡೆಯುತ್ತಿದ್ದಾರೆ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಅಲ್ಲಿಂದ ಕೂಗಳತೆಯಲ್ಲಿದೆ. ಮಾರತ್‌ಹಳ್ಳಿಯ ಬಳಿಯ 'ಕರುಣಾಶ್ರಯ' 1999ರಿಂದ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ಆರೈಕೆ ಮಾಡುತ್ತಿದೆ. ಮನಶ್ಶಾಸ್ತ್ರ ಓದಬೇಕೆನ್ನುವ ವಿದ್ಯಾರ್ಥಿಗಳು ಈ ದಾರಿಯನ್ನೂ ನೆನಪಿನಲ್ಲಿಟ್ಟುಕೊಳ್ಳಬಹುದು. ನಮ್ಮ ಹಳ್ಳಿ, ತಾಲೂಕುಗಳಿಗೆ ಕನ್ನಡದಲ್ಲಿ ಕೇಳಿಸಿಕೊಳ್ಳಬಲ್ಲವರು ಬೇಕಾಗಿದ್ದಾರೆ.

ಮನೆಯಲ್ಲಿ ಏನು ಮಾಡಬಹುದು?

ಪಾಲಕರು ಮಕ್ಕಳಿಗೆ ನಿಜವನ್ನೇ ಹೇಳಲಿ. 'ಅಮ್ಮ ನಿದ್ದೆ ಮಾಡುತ್ತಿದ್ದಾಳೆ', 'ಊರಿಗೆ ಹೋಗಿದ್ದಾಳೆ' ಎಂದರೆ ಚಿಕ್ಕ ಮಗು ನಿದ್ದೆಗೂ ಪ್ರಯಾಣಕ್ಕೂ ಹೆದರಲು ಶುರುಮಾಡುತ್ತದೆ. 'ಸತ್ತುಹೋದಳು' ಎಂಬ ಮಾತು ಕಠಿಣ, ಆದರೆ ಗೊಂದಲವಿಲ್ಲದ್ದು. ಹುಡುಗರಿಗೆ 'ಗಂಡಸು ಅಳಬಾರದು' ಎನ್ನುವುದು ಬೇಡ. ತಿಂಗಳುಗಟ್ಟಲೆ ಊಟ, ನಿದ್ದೆ, ಓದು ಹಳಿಗೆ ಬರದಿದ್ದರೆ ನೆರವು ಕೇಳುವುದು ಒಳ್ಳೆಯದು. 'ತನಗೂ ಬದುಕು ಬೇಡ' ಎಂಬ ಮಾತು ಒಮ್ಮೆ ಬಂದರೂ ತಡಮಾಡಬಾರದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮೊದಲು ಹೇಳಿದ ಮನೆಗೆ ತರಬೇತಾದ ಸಲಹೆಗಾರರೊಬ್ಬರು ಬಂದರೆನ್ನಿ. ಅವರು ಉಪದೇಶ ಮಾಡುವುದಿಲ್ಲ. ಮೂವರನ್ನೂ ಒಟ್ಟಿಗೆ ಕೂರಿಸಿ, "ಅಮ್ಮ ಮಾಡುತ್ತಿದ್ದ ಅಡುಗೆಯಲ್ಲಿ ಯಾರಿಗೆ ಯಾವುದು ಇಷ್ಟ?" ಎಂದು ಕೇಳಬಹುದು. ತಂಗಿ ಹುರುಳಿ ಸಾರು ಎನ್ನುತ್ತಾಳೆ. ಅದಕ್ಕೆ ಯಾವಾಗಲೂ ಉಪ್ಪು ಹೆಚ್ಚು ಎನ್ನುತ್ತಾರೆ ಅಪ್ಪ. ಹುಡುಗ ನಗಲು ಹೋಗಿ ಅತ್ತುಬಿಡುತ್ತಾನೆ. ಯಾರೂ ಅವನನ್ನು ಸುಮ್ಮನಿರಿಸುವುದಿಲ್ಲ. ಅಷ್ಟು ದಿನ ಮೂರು ಕೋಣೆಗಳಲ್ಲಿ ಬೇರೆ ಬೇರೆಯಾಗಿದ್ದ ದುಃಖ ಅಂದು ಒಂದೇ ಕಡೆ ಕೂತಿರುತ್ತದೆ. ಮನೆಯವರು ಮುಂದಿನ ದಾರಿಯನ್ನು ತಾವೇ ನಡೆಯಬಲ್ಲರು.