ಮೊದಲು ಚೌಕಟ್ಟು, ಅನಂತರ ಸ್ಪ್ರಿಂಗು

ವೇಗದ ಕಾರೊಂದನ್ನು ಕೊಂಡ ತರುಣನು ಅದನ್ನು ಇನ್ನಷ್ಟು ಚುರುಕುಗೊಳಿಸಲು ಹೊರಟಾಗ ಮೊದಲು ಕೈಯಿಕ್ಕುವುದು ಸ್ಪ್ರಿಂಗುಗಳಿಗೆ. ಇದ್ದವನ್ನು ಬಿಚ್ಚಿಸಿ, ಗಡಸಾದ ಗಿಡ್ಡ ಸ್ಪ್ರಿಂಗುಗಳನ್ನು ಹಾಕಿಸಿ, ಕಾರನ್ನು ನೆಲಕ್ಕೆ ಎರಡು ಬೆರಳು ಹತ್ತಿರ ತಂದುಬಿಟ್ಟರೆ ತಿರುವಿನಲ್ಲಿ ಅದು ಹೇಳಿದ ಮಾತು ಕೇಳುವುದೆಂಬುದು ಅವನ ನಂಬಿಕೆ. ನಮ್ಮಲ್ಲಿ ಭೌತಶಾಸ್ತ್ರ ಓದಿ ಹೋದ ಹಳೆಯ ವಿದ್ಯಾರ್ಥಿಗಳು ಈ ವಿಷಯದಲ್ಲಿ ಸಲಹೆ ಕೇಳುವುದುಂಟು. ಅವರಿಗೆ ಹೇಳುವುದನ್ನೇ ವಾಚಕರ ಮುಂದೆಯೂ ಇಡುತ್ತೇವೆ: ಈ ಕೆಲಸದ ಕ್ರಮ ತಲೆಕೆಳಗಾಗಿದೆ. ಮೊದಲು ಚೌಕಟ್ಟು ಬಿಗಿಯಾಗಿರಬೇಕು. ಸ್ಪ್ರಿಂಗಿನ ಮಾತು ಆಮೇಲಿನದು.

ಕಾರಿನ ಚೌಕಟ್ಟು, ಎಂದರೆ ಚಾಸಿ, ಉಕ್ಕಿನದಲ್ಲವೆ, ಅದು ಬಾಗುವುದುಂಟೆ ಎಂದು ಕೇಳಬಹುದು. ಬಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ತಿರುಚಿಕೊಳ್ಳುತ್ತದೆ. ಮುಂದಿನ ಎಡಚಕ್ರವು ದಿಣ್ಣೆಯನ್ನೇರಿದಾಗ ಕಾರಿನ ಮುಂಭಾಗ ಒಂದು ಕಡೆಗೆ ವಾಲಲು ಯತ್ನಿಸುತ್ತದೆ. ಹಿಂಭಾಗವು ಹಾಗೆಯೇ ನಿಲ್ಲಬಯಸುತ್ತದೆ. ಒದ್ದೆ ಬಟ್ಟೆಯನ್ನು ಹಿಂಡುವಾಗ ನಮ್ಮ ಎರಡು ಕೈಗಳು ಮಾಡುವುದು ಇದನ್ನೇ.

ತಿರುಚನ್ನು ತಡೆಯುವ ಗುಣವು ಲೋಹದ ದಪ್ಪಕ್ಕಿಂತ ಹೆಚ್ಚಾಗಿ ಆಕಾರವನ್ನು ಅವಲಂಬಿಸಿದೆ. ಗಟ್ಟಿ ಕಾಗದವನ್ನು ಕೊಳವೆಯಾಗಿ ಸುತ್ತಿ, ಅಂಚನ್ನು ಉದ್ದಕ್ಕೂ ಅಂಟಿಸಿ, ಒಣಗಿದ ಮೇಲೆ ತಿರುಚಿ ನೋಡಿ. ಅದು ಸುಲಭವಾಗಿ ಮಣಿಯದು. ಈಗ ಅಂಟಿಸಿದ ಗೆರೆಯಗುಂಟ ಕತ್ತರಿ ಆಡಿಸಿ ಮತ್ತೆ ತಿರುಚಿ. ಕಾಗದದಲ್ಲಿ ಒಂದು ಗುಲಗಂಜಿಯಷ್ಟೂ ಕಡಮೆಯಾಗಿಲ್ಲ. ಆದರೆ ಬಿಗುವು ಎಲ್ಲಿ ಹೋಯಿತು? ತೆಳುಗೋಡೆಯ ಮುಚ್ಚಿದ ಕೊಳವೆಗೂ ಸೀಳಿದ ಕೊಳವೆಗೂ ಇರುವ ಬಿಗುವಿನ ಅಂತರವನ್ನು ಲೆಕ್ಕ ಹಾಕಬಹುದು. ತ್ರಿಜ್ಯವನ್ನು ಗೋಡೆಯ ದಪ್ಪದಿಂದ ಭಾಗಿಸಿ, ಬಂದುದನ್ನು ವರ್ಗಮಾಡಿ, ಮೂರರಿಂದ ಗುಣಿಸಿದರೆ ಆಯಿತು. ತ್ರಿಜ್ಯ 20 ಮಿಲಿಮೀಟರು, ದಪ್ಪ 1 ಮಿಲಿಮೀಟರು ಇದ್ದರೆ ಮುಚ್ಚಿದ ಕೊಳವೆ 1,200 ಪಟ್ಟು ಬಿಗಿ!

ಮೇಲ್ಛಾವಣಿಯುಳ್ಳ ಕಾರು ಹೆಚ್ಚುಕಡಮೆ ಮುಚ್ಚಿದ ಪೆಟ್ಟಿಗೆ. ಛಾವಣಿಯನ್ನು ತೆಗೆದರೆ ಅದು ಮುಚ್ಚಳ ಕಿತ್ತ ರಟ್ಟಿನ ಡಬ್ಬಿ. ಲೋಟಸ್ ಸಂಸ್ಥೆಯ ಸ್ಥಾಪಕ ಕಾಲಿನ್ ಚಾಪ್‌ಮನ್‌ಗೂ ಅವನ ಯಂತ್ರಶಿಲ್ಪಿ ರಾನ್ ಹಿಕ್‌ಮನ್‌ಗೂ ಇಂಗ್ಲೆಂಡಿನಲ್ಲಿ ಎದುರಾದ ತೊಡಕು ಇದೇ. 1957ರ ಅವರ ಎಲೀಟ್ ಕಾರಿನ ಒಡಲೆಲ್ಲ ಗಾಜಿನಾರಿನದು. ಛಾವಣಿಯ ಬಲದಿಂದ ಅದು ಬಿಗಿಯಾಗಿ ನಿಂತಿತ್ತು. ಮುಂದಿನ ಕಾರು ಛಾವಣಿಯಿಲ್ಲದ್ದಾಗಬೇಕು ಎಂದಾಗ ಗಾಜಿನಾರಿನ ಒಡಲೊಂದನ್ನೇ ನಂಬುವಂತಿರಲಿಲ್ಲ. 1962ರಲ್ಲಿ ಹೊರಬಂದ ಎಲಾನ್ ಕಾರಿನಲ್ಲಿ ಅವರು ಕಂಡುಕೊಂಡ ಪರಿಹಾರ ಸರಳವಾದುದು. ಎರಡು ಆಸನಗಳ ನಡುವೆ ಉಕ್ಕಿನ ತಗಡನ್ನು ಮಡಿಸಿ ಮಾಡಿದ ಒಂದು ಮುಚ್ಚಿದ ಪೆಟ್ಟಿಗೆ ಬೆನ್ನೆಲುಬಿನಂತೆ ಹಾಯುತ್ತದೆ. ಅದರ ಎರಡು ತುದಿಗಳೂ ಕವೆಯಂತೆ ಕವಲೊಡೆಯುತ್ತವೆ. ಮುಂದಿನ ಕವಲಿನ ನಡುವೆ ಎಂಜಿನು ಕೂರುತ್ತದೆ, ಚಕ್ರಗಳ ತೋಳುಗಳು ಕವಲುಗಳಿಗೆ ಆತುಕೊಳ್ಳುತ್ತವೆ. (ಈ ಹಿಕ್‌ಮನ್ನನೇ ಮುಂದೆ ವರ್ಕ್‌ಮೇಟ್ ಎಂಬ ಮಡಿಸುವ ಬಡಗಿಮೇಜನ್ನು ನಿರ್ಮಿಸಿ ಲೋಕಪ್ರಸಿದ್ಧನಾದನು. ಅಲುಗಾಡದ ಆಧಾರದ ಬೆಲೆ ಅವನಿಗೆ ಚೆನ್ನಾಗಿ ತಿಳಿದಿದ್ದಿತು.)

ಎಲಾನ್‌ನ ವಿಶೇಷವೆಂದರೆ, ಚೌಕಟ್ಟು ಬಿಗಿಯಾಗಿದ್ದುದರಿಂದ ಅದರ ಸ್ಪ್ರಿಂಗುಗಳನ್ನು ಮೆತ್ತಗೆ ಇಡಲು ಸಾಧ್ಯವಾಯಿತು. ಸುಮಾರು 680 ಕಿಲೋಗ್ರಾಂ ತೂಗುವ ಆ ಪುಟ್ಟ ಕಾರು ಹಳ್ಳದಿಣ್ಣೆಗಳ ಮೇಲೆ ಮೃದುವಾಗಿ ಸಾಗುತ್ತ, ತಿರುವಿನಲ್ಲಿ ಗಡಸು ಸ್ಪ್ರಿಂಗಿನ ಕಾರುಗಳನ್ನು ನಾಚಿಸಿತು. ಗಡಸುತನವೇ ಹಿಡಿತವೆಂದು ನಂಬಿದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

ಇದರ ಹಿಂದಿನ ಲೆಕ್ಕ ಕಷ್ಟದ್ದಲ್ಲ. ತಿರುಚಿಕೊಳ್ಳುವ ಚಾಸಿಯೂ ಒಂದು ಸ್ಪ್ರಿಂಗೇ. ಅದು ಚಕ್ರದ ಸ್ಪ್ರಿಂಗಿನೊಡನೆ ಸರಣಿಯಲ್ಲಿ ಸೇರಿದೆ. ವಿಷಯವನ್ನು ಸರಳಗೊಳಿಸಿ, ಎರಡರ ಬಿಗುವೂ ತಲಾ 1 ಎಂದಿಟ್ಟುಕೊಳ್ಳೋಣ. ಒಟ್ಟು ಬಿಗುವು ಅರ್ಧ ಮಾತ್ರ. ಈಗ ಹಣ ಸುರಿದು ಎರಡರಷ್ಟು ಗಡಸಾದ ಸ್ಪ್ರಿಂಗು ಹಾಕಿಸಿದರೆ ಒಟ್ಟು ಬಿಗುವು ಮೂರರಲ್ಲಿ ಎರಡಂಶಕ್ಕೆ ಏರುತ್ತದೆ. ದುಪ್ಪಟ್ಟು ಗಡಸಿಗೆ ಸಿಕ್ಕಿದ ಲಾಭ ನೂರಕ್ಕೆ 33. ಅಷ್ಟೇ ಅಲ್ಲ, ತಿರುಚಿನ ಮೂರರಲ್ಲಿ ಎರಡು ಪಾಲನ್ನು ಇನ್ನು ಚಾಸಿಯೇ ಹೊರಬೇಕು. ಚಾಸಿ ಹತ್ತು ಪಟ್ಟು ಬಿಗಿಯಾಗಿದ್ದರೆ ಅದೇ ಬದಲಾವಣೆಯಿಂದ ನೂರಕ್ಕೆ 83ರಷ್ಟು ಲಾಭ. ಇನ್ನೊಂದು ಮಾತನ್ನು ನಾವು ಒತ್ತಿ ಹೇಳಬೇಕು: ಚಕ್ರದ ಸ್ಪ್ರಿಂಗಿಗೆ ಅದರ ಕುಣಿತವನ್ನು ಅಡಗಿಸಲು ಷಾಕ್ ಅಬ್ಸಾರ್ಬರ್ ಉಂಟು. ಚಾಸಿಯೆಂಬ ಸ್ಪ್ರಿಂಗಿಗೆ ಅಂಥದೇನೂ ಇಲ್ಲ. ತೆರೆದ ಕಾರುಗಳಲ್ಲಿ ಕನ್ನಡಿಯೂ ಚುಕ್ಕಾಣಿಚಕ್ರವೂ ನಡುಗುವುದು ಇದರಿಂದಲೇ.

ಅಪಾಯವಿರುವುದು ತಿರುವಿನಲ್ಲಿ. ಕಾರು ತಿರುಗುವಾಗ ಹೊರಬದಿಯ ಟೈರುಗಳ ಮೇಲೆ ಹೊರೆ ಹೆಚ್ಚುತ್ತದೆ. ಹೊರೆ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಟೈರಿನ ಹಿಡಿತ ಹೆಚ್ಚದು. ಆದುದರಿಂದ ಈ ಹೆಚ್ಚಿನ ಹೊರೆಯಲ್ಲಿ ದೊಡ್ಡ ಪಾಲು ಹೊತ್ತ ತುದಿಯೇ ಮೊದಲು ಜಾರುತ್ತದೆ. ಮುಂದಿನ ಟೈರುಗಳು ಜಾರಿದರೆ ಕಾರು ನೆಟ್ಟಗೆ ಹೊರಕ್ಕೆ ಸರಿಯುತ್ತದೆ. ಹಿಂದಿನವು ಜಾರಿದರೆ ಬಾಲ ಬೀಸಿ ಗಿರಕಿ ಹೊಡೆಯುತ್ತದೆ. ಈ ಪಾಲುಹಂಚಿಕೆಯನ್ನು ತಿದ್ದಲೆಂದೇ ಆಂಟಿ ರೋಲ್ ಬಾರ್ ಎಂಬ ಉಕ್ಕಿನ ಸಲಾಕೆಯಿದೆ. ಅದರ ಬಿಗುವು ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ: 20 ಮಿಲಿಮೀಟರಿನ ಸಲಾಕೆಗೆ ಬದಲು 24ರದನ್ನು ಹಾಕಿದರೆ ಬಿಗುವು ಎರಡು ಪಟ್ಟಿಗೂ ತುಸು ಹೆಚ್ಚು. ಆದರೆ ಮುಂದಿನ ಸಲಾಕೆಯ ಸುದ್ದಿಯನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವುದು ಚಾಸಿ. ಅದೇ ಸಡಿಲವಾದರೆ ಮುಂಭಾಗ ಹಿಂಭಾಗಗಳು ತಮ್ಮ ತಮ್ಮ ಪಾಡಿಗೆ ವರ್ತಿಸುತ್ತವೆ. ಚಾಲಕನು ತಾನು ಮಾಡಿಸಿದ ಬದಲಾವಣೆಯ ಫಲವನ್ನು ಊಹಿಸಲಾರನು. ಘಾಟಿಯ ತಿರುವಿನಲ್ಲಿ ಊಹೆ ತಪ್ಪಿದರೆ ತೆರಬೇಕಾದ ಬೆಲೆ ಹಣವಲ್ಲ.

ತಮ್ಮ ಕಾರಿನ ಚಾಸಿ ಎಂಥದೆಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಸಮತಟ್ಟಾದ ಗಟ್ಟಿ ನೆಲದಲ್ಲಿ, ತಯಾರಕರು ಗೊತ್ತುಮಾಡಿದ ಜಾಗದಲ್ಲೇ ಜಾಕ್ ಇಟ್ಟು, ಮುಂದಿನ ಒಂದು ಚಕ್ರವನ್ನು ನಿಧಾನವಾಗಿ ಎತ್ತಿ. ಬಾಗಿಲ ಸುತ್ತಣ ಸಂದು ಒಂದು ಮೂಲೆಯಲ್ಲಿ ಕಿರಿದಾಗಿ ಇನ್ನೊಂದರಲ್ಲಿ ಹಿರಿದಾಯಿತೆ? ಬಾಗಿಲು ಸಲೀಸಾಗಿ ಮುಚ್ಚದೆ ಹೋಯಿತೆ? ಹಾಗಾದರೆ ಸ್ಪ್ರಿಂಗಿನ ಅಂಗಡಿಗೆ ಹೋಗುವ ಕಾಲ ಇನ್ನೂ ಬಂದಿಲ್ಲ. ಹಳೆಯ ಕಾರಾದರೆ ಮೊದಲು ತುಕ್ಕನ್ನು ಹುಡುಕಬೇಕು. ಬಾಗಿಲ ಕೆಳಗಿನ ಪೆಟ್ಟಿಗೆತೊಲೆ ತುಕ್ಕು ತಿಂದು ತೂತಾಗಿದ್ದರೆ, ಅದು ಕತ್ತರಿ ಆಡಿಸಿದ ಆ ಕಾಗದದ ಕೊಳವೆಯೇ ಸರಿ.

ಎಂಜಿನಿನ ಮೇಲೆ ಅಡ್ಡಲಾಗಿ ಹಾಕುವ ಹೊಳೆಯುವ ಸ್ಟ್ರಟ್ ಬಾರ್ ಬಗ್ಗೆ ನಮಗೆ ಹೆಚ್ಚು ಗೌರವವಿಲ್ಲ. ಎಡಬಲದ ಗೋಪುರಗಳು ಹತ್ತಿರ ಬಾರದಂತೆ ಅದು ತಡೆದೀತು. ಚೌಕಟ್ಟಿನ ತಿರುಚನ್ನು ತಡೆಯುವುದು ಅತ್ಯಲ್ಪ. ನಾಲ್ಕು ಕಡ್ಡಿಗಳ ಚೌಕವನ್ನು ಬೆರಳಿನಿಂದ ಓರೆಮಾಡಬಹುದು, ಮೂರು ಕಡ್ಡಿಗಳ ತ್ರಿಕೋಣವನ್ನು ಮಾಡಲಾಗದು. ಗೋಪುರಗಳಿಂದ ಎಂಜಿನಿನ ಹಿಂದಣ ಗೋಡೆಗೆ ತ್ರಿಕೋಣವಾಗಿ ಬಿಗಿದ ಸಲಾಕೆಗಳು ನಿಜಕ್ಕೂ ಕೆಲಸ ಮಾಡುತ್ತವೆ. ತೆರೆದ ಕಾರಿನ ತಳಕ್ಕೆ ಅಡ್ಡಡ್ಡವಾಗಿ ಬೋಲ್ಟು ಹಾಕುವ ಪಟ್ಟಿಗಳೂ ಹಾಗೆಯೇ. ಆದರೆ ಈಗಿನ ಕಾರುಗಳ ಅತಿದೃಢ ಉಕ್ಕಿನ ಮೇಲೆ ಮನಬಂದಂತೆ ವೆಲ್ಡಿಂಗ್ ಮಾಡಿಸುವುದು ಅವಿವೇಕ. ಕಾವು ತಾಗಿದ ಕಡೆ ಅದರ ದೃಢತೆ ಹಾಳಾಗುತ್ತದೆ. ಅಪಘಾತದಲ್ಲಿ ಮಡಿಸಿಕೊಳ್ಳಲೆಂದು ಮಾಡಿದ ಭಾಗ ಮಡಿಸಿಕೊಳ್ಳದೆ ಹೋದೀತು. ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮಾರ್ಪಾಟಿಗೆ ಕಟ್ಟುಪಾಡು ಹಾಕಿದೆ ಎಂಬುದನ್ನೂ ಮರೆಯಬಾರದು.

ಚೌಕಟ್ಟು ಗಟ್ಟಿಯಾದ ಮೇಲೆ ಸ್ಪ್ರಿಂಗಿನತ್ತ ತಿರುಗಬಹುದು. ಸೆಕೆಂಡಿಗೆ ಒಂದು ಸಲ ಏರಿಳಿಯುವ ಕಾರು ತನ್ನ ಭಾರದಿಂದ ಸ್ಪ್ರಿಂಗನ್ನು ಸುಮಾರು 25 ಸೆಂಟಿಮೀಟರು ಅದುಮಿರುತ್ತದೆ; ಎರಡು ಸಲ ಏರಿಳಿಯುವಂತೆ ಮಾಡಲು ನಾಲ್ಕು ಪಟ್ಟು ಗಡಸು ಬೇಕು, ಆಗ ಅದುಮುವುದು ಆರೇ ಸೆಂಟಿಮೀಟರು. ಗಡಸು ಹೆಚ್ಚಿಸದೆ ಬರಿದೆ ಗಿಡ್ಡಮಾಡಿದರೆ ಪ್ರತಿ ರಸ್ತೆಯುಬ್ಬಿಗೂ ಸ್ಪ್ರಿಂಗು ತನ್ನ ಮಿತಿಯ ರಬ್ಬರಿಗೆ ಬಡಿಯುತ್ತದೆ. ಆ ಕ್ಷಣಕ್ಕೆ ಕಾರಿಗೆ ಸ್ಪ್ರಿಂಗೇ ಇಲ್ಲದಂತೆ. ಬೆಂಗಳೂರಿನ ಉಬ್ಬುಗಳ ಮೇಲೆ ಕಾರನ್ನು ಓರೆಯಾಗಿ ತೆವಳಿಸುವವರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ರಸ್ತೆಗಳಿಗೆ ತುಸು ಗಡಸು, ಇದ್ದಷ್ಟೇ ಎತ್ತರ ಸಾಕು. ಸ್ಪ್ರಿಂಗಿನೊಡನೆ ಷಾಕ್ ಅಬ್ಸಾರ್ಬರನ್ನೂ ಬದಲಿಸಲೇಬೇಕು. ಸ್ಪ್ರಿಂಗು ಎರಡು ಪಟ್ಟು ಗಡಸಾದರೆ ಕುಣಿತವನ್ನು ಮೊದಲಿನ ಹದಕ್ಕೆ ಅಡಗಿಸಲು ಅದರ ತಡೆ 1.4 ಪಟ್ಟು ಬೇಕು. ಬಹುಮಂದಿ ಉಳಿಸಲು ನೋಡುವುದು ಈ ಖರ್ಚನ್ನೇ.