ನೀಲಿ ಲೇಬಲ್ ಮೀನಿಗೆ ಹೆಚ್ಚು ದುಡ್ಡು ಕೊಡಬೇಕಾ?

ವಾರಕ್ಕೆ ಎರಡು ಸಲ ಮೀನು ತಿನ್ನಿ ಎಂದರೆ ಈಗ ಹೊಸ ಪ್ರಶ್ನೆ ಬರುತ್ತದೆ: "ಡಾಕ್ಟ್ರೇ, ಸೂಪರ್‌ಮಾರ್ಕೆಟ್‌ನಲ್ಲಿ ನೀಲಿ ಗುರುತಿನ ಪ್ಯಾಕೆಟ್ ಇದೆ, ರೇಟು ಜಾಸ್ತಿ. ಅದನ್ನೇ ತರಬೇಕಾ?"

ಆ ಗುರುತಿನ ಹೆಸರು ಎಂಎಸ್‌ಸಿ. ಸಮುದ್ರದಲ್ಲಿ ಸಂತತಿ ಬರಿದಾಗದಂತೆ ಹಿಡಿದ ಮೀನು ಎಂದಷ್ಟೇ ಅರ್ಥ. ನಿಮ್ಮ ಕೊಲೆಸ್ಟ್ರಾಲ್‌ಗೂ ಅದಕ್ಕೂ ಸಂಬಂಧವಿಲ್ಲ, ತಾಜಾತನಕ್ಕೂ ಇಲ್ಲ. ಹೃದಯಕ್ಕೆ ಒಳ್ಳೆಯದಂತೆ ಎಂದು ಹೆಚ್ಚು ಕೊಡುವವರು ತಪ್ಪು ಕಾರಣಕ್ಕೆ ಕೊಡುತ್ತಿದ್ದಾರೆ. ಭಾರತದಲ್ಲಿ ಮೊದಲು ಇದನ್ನು ಪಡೆದದ್ದು 2014ರಲ್ಲಿ, ಕೇರಳದ ಅಷ್ಟಮುಡಿ ಹಿನ್ನೀರಿನ ಮರುವಾಯಿ. ದಾದರ್‌ನಲ್ಲೋ ಚೆನ್ನೈನ ಕಾಶಿಮೇಡಿನಲ್ಲೋ ಬುಟ್ಟಿಯ ಮುಂದೆ ಕೂತ ಮೀನಿನಮ್ಮನ ಹತ್ತಿರ ಯಾವ ಲೇಬಲ್ ಇದೆ?

ಹಾಗೆಂದು ಹೆಚ್ಚು ಕೊಡಬೇಡಿ ಎನ್ನುತ್ತಿಲ್ಲ. ಸಮುದ್ರ ಉಳಿಯಲಿ ಎಂದು ಬಾಯಲ್ಲಿ ಎಲ್ಲರೂ ಹೇಳುತ್ತೇವೆ, ತಕ್ಕಡಿ ಮುಂದೆ ನಿಂತಾಗ ಇಪ್ಪತ್ತು ರೂಪಾಯಿಗೆ ಚೌಕಾಸಿ. ಅಗ್ಗಕ್ಕೆ ಸಿಗುವ ಅಂಗೈಗಿಂತ ಚಿಕ್ಕ ಪಾಪ್ಲೆಟ್ ಇನ್ನೂ ಮೊಟ್ಟೆ ಇಡದ ಮರಿ. ಪಾಪ್ಲೆಟ್ಟನ್ನು ಮಹಾರಾಷ್ಟ್ರ 2023ರಲ್ಲಿ ರಾಜ್ಯ ಮೀನು ಎಂದು ಘೋಷಿಸಿತು. ಅದೇ ವರ್ಷ 54 ಜಾತಿಗಳಿಗೆ ಕನಿಷ್ಠ ಗಾತ್ರ ನಿಗದಿ ಮಾಡಿತು. ಮುಂಬೈ, ಪುಣೆಯವರು ಮರಿ ಬೇಡ ಎಂದು ದೊಡ್ಡದಕ್ಕೆ ಹೆಚ್ಚು ಕೊಟ್ಟರೆ ಅದೇ ನಿಮ್ಮ ಲೇಬಲ್.

ನನಗೆ ಭಯ ಬೂತಾಯಿಯದ್ದು. ಬಡವರ ಒಮೆಗಾ-3 ಅದು, ಜೊತೆಗೆ ಬಂಗುಡೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕ ಬೂತಾಯಿ, 2021ರಲ್ಲಿ 3,300 ಟನ್ ಆಸುಪಾಸಿಗೆ ಇಳಿಯಿತು. ಕಡಲಿನ ಹವಾಮಾನದ ಪಾಲು ಅದರಲ್ಲಿ ದೊಡ್ಡದು, ನಿಜ. ಆದರೆ ಇಳಿದ ಕಾಲದಲ್ಲೇ ಮರಿಗಳನ್ನೂ ಬಾಚಿದರೆ ಉಳಿಯುವುದೇನು? ಈ ಮೀನು ತಪ್ಪಿದರೆ ಡ್ರೈವರ್ ಕೆಲಸದ, ಹೋಟೆಲ್ ಕೆಲಸದ ನಮ್ಮವರಿಗೆ ನಾನು ಏನು ಬರೆದುಕೊಡಲಿ? ಸಾಲ್ಮನ್ ಎನ್ನಲಾದೀತೇ?

ಕೊಳ್ಳುವವರು ತಿಂಗಳನ್ನೂ ನೋಡಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31, ಚೆನ್ನೈ ಕಡೆ ಏಪ್ರಿಲ್ 15ರಿಂದ ಜೂನ್ 14 ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ಕೆರೆಮೀನು, ರೋಹು, ಕಾಟ್ಲಾ ತನ್ನಿ. ಹೈದರಾಬಾದ್, ದೆಹಲಿಯವರಿಗೆ ಇವು ವರ್ಷವಿಡೀ ಸುಲಭ, ಕಡಲಮೀನಿನಷ್ಟು ಒಮೆಗಾ-3 ಇಲ್ಲದಿದ್ದರೂ ಮಟನ್‌ಗಿಂತ ಮೇಲು.

ಯಾವ ಮೀನಾದರೂ ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಲಾಭ ಕಡಿಮೆ. ಪುಳಿಮುಂಚಿ ಮಾಡಿ, ಇಲ್ಲವೇ ಕಾವಲಿ ಮೇಲೆ ಎರಡು ಚಮಚ ಎಣ್ಣೆ ಸಾಕು. ಬಿಪಿ ಇರುವವರು ಊರಿಂದ ಬರುವ ಒಣಮೀನಿನ ಡಬ್ಬಿಯಿಂದ ದೂರವಿರಿ, ಅದರ ಉಪ್ಪಿನ ಲೆಕ್ಕ ಮುಂದಿನ ವಾರ ಬರೆಯುತ್ತೇನೆ.