ತಲೆಗೆ ಹಚ್ಚುವ ಕಪ್ಪು, ಕಣ್ಣಿಗೆ ಕಾಣದ ಎಚ್ಚರಿಕೆ

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರ. ಈ ನಾಲ್ಕರಲ್ಲಿ ಯಾವ ಪೇಟೆಯ ಕಿರಾಣಿ ಅಂಗಡಿ ಮುಂದೆ ನಿಂತರೂ ಶಾಂಪೂ, ಕಾಫಿಪುಡಿ ಸ್ಯಾಶೆಗಳ ಸರದ ಪಕ್ಕದಲ್ಲೇ ಹೇರ್ ಡೈ ಸ್ಯಾಶೆಗಳ ಸರವೂ ತೂಗುತ್ತಿರುತ್ತದೆ. ಮದುವೆ, ಹಬ್ಬ, ಊರ ಜಾತ್ರೆ ಹತ್ತಿರ ಬಂದರೆ ಆ ಸರ ಬೇಗ ಖಾಲಿಯಾಗುತ್ತದೆ. ಒಂದನ್ನು ಕಿತ್ತು ಹಿಂಬದಿ ತಿರುಗಿಸಿ ನೋಡಿ. ಸಾಸಿವೆಗಿಂತ ಸಣ್ಣ ಅಕ್ಷರಗಳ ನಡುವೆ ಪ್ಯಾರಾ ಫಿನೈಲೀನ್ ಡಯಾಮೀನ್ ಎಂಬ ಹೆಸರು ಸಿಗುತ್ತದೆ. ರಸಾಯನ ವ್ಯಾಪಾರದವರು ಕರೆಯುವುದು ಪಿಪಿಡಿ ಎಂದು. ಮುಂಭಾಗದಲ್ಲಿ ಮೆಹಂದಿ ಎಲೆಯ ಚಿತ್ರವಿದ್ದರೂ ಕೂದಲು ಕಪ್ಪಾಗುವುದು ಬಹುತೇಕ ಇದರಿಂದಲೇ.

ಈ ಪದಾರ್ಥವನ್ನು ನಿಷೇಧಿಸಬೇಕೆಂದು ನಾನು ಹೇಳುತ್ತಿಲ್ಲ. ಅದನ್ನು ಮಾರಲು ಕಾನೂನು ಹಾಕಿರುವ ಷರತ್ತು ಒಂದಿದೆ. ಆ ಷರತ್ತು ನಮ್ಮ ಅಂಗಡಿಗಳಲ್ಲಿ ಪಾಲನೆಯಾಗುತ್ತಿದೆಯೇ ಎಂದು ನೋಡುವವರು ಯಾರೂ ಇಲ್ಲ ಎಂಬುದಷ್ಟೇ ತಕರಾರು.

ಷರತ್ತಿಗೆ ಒಂದು ಇತಿಹಾಸವಿದೆ. 1930ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ‘ಲ್ಯಾಶ್ ಲ್ಯೂರ್’ ಹೆಸರಿನ ರೆಪ್ಪೆ ಬಣ್ಣ ಮಾರಾಟವಾಗುತ್ತಿತ್ತು. ಅದರಲ್ಲಿದ್ದುದು ಪಿಪಿಡಿ. 1933ರಲ್ಲಿ ಅದನ್ನು ಹಚ್ಚಿಸಿಕೊಂಡ ಮಹಿಳೆಯೊಬ್ಬರು ದೃಷ್ಟಿ ಕಳೆದುಕೊಂಡರು. ಆಗಿನ ಅಲ್ಲಿಯ ಕಾನೂನಿಗೆ ಸೌಂದರ್ಯ ಸಾಧನಗಳ ಮೇಲೆ ಹಿಡಿತವೇ ಇರಲಿಲ್ಲ. 1938ರಲ್ಲಿ ಹೊಸ ಕಾಯ್ದೆ ಬಂತು. ಆದರೆ ಕೂದಲಿನ ಬಣ್ಣಕ್ಕೆ ವಿನಾಯಿತಿಯೂ ಜತೆಗೇ ಬಂತು: ಪೊಟ್ಟಣದ ಮೇಲೆ ಎಚ್ಚರಿಕೆ ಮುದ್ರಿಸಿ, ಮೊದಲು ಚರ್ಮದ ಮೇಲೆ ಪರೀಕ್ಷಿಸುವ ವಿಧಾನ ತಿಳಿಸಿ, ಆಮೇಲೆ ಮಾರಿಕೊಳ್ಳಿ, ಹುಬ್ಬು, ರೆಪ್ಪೆಗೆ ಮಾತ್ರ ಕೂಡದು. ನಮ್ಮ 1945ರ ಔಷಧ ಮತ್ತು ಸೌಂದರ್ಯ ಸಾಧನ ನಿಯಮಗಳಲ್ಲಿ ಸೇರಿಕೊಂಡ ಎಚ್ಚರಿಕೆಯ ಮಾತುಗಳು ಆ ಅಮೆರಿಕನ್ ಒಕ್ಕಣೆಯ ಪಡಿಯಚ್ಚಿನಂತಿವೆ. ಕೆಲವರ ಚರ್ಮಕ್ಕೆ ತೊಂದರೆಯಾಗಬಹುದು, ಮೊದಲು ಪರೀಕ್ಷಿಸಿ, ಹುಬ್ಬು ರೆಪ್ಪೆಗೆ ಹಚ್ಚಿದರೆ ಕುರುಡಾಗಬಹುದು ಎಂಬುದು ಅದರ ತಾತ್ಪರ್ಯ. ನಮ್ಮವರು ಅದಕ್ಕೆ ಸೇರಿಸಿದ ಒಳ್ಳೆಯ ಮಾತೆಂದರೆ, ಈ ಎಚ್ಚರಿಕೆ ಇಂಗ್ಲಿಷ್‌ನಲ್ಲೂ ಸ್ಥಳೀಯ ಭಾಷೆಗಳಲ್ಲೂ ಇರಬೇಕು, ಒಳಗಿನ ಹೊದಿಕೆಯ ಮೇಲೂ ಹೊರಗಿನದರ ಮೇಲೂ ಇರಬೇಕು ಎಂಬುದು. ಪರೀಕ್ಷೆಯ ವಿಧಾನವೂ ಪೊಟ್ಟಣದೊಳಗೆ ಸ್ಥಳೀಯ ಭಾಷೆಯಲ್ಲೇ ಇರಬೇಕು.

ಅಂದರೆ ಎಚ್ಚರಿಕೆಯೇ ಮಾರಾಟಕ್ಕೆ ತೆತ್ತ ಬೆಲೆ. ಅದು ಓದಲು ಬಾರದಂತಿದ್ದರೆ ಬೆಲೆ ತೆತ್ತಂತಾಗಲಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕಗಳಲ್ಲಿ ಉರ್ದುವೂ ನಡೆಯುವ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸ್ಥಳೀಯ ಭಾಷೆ ಎಂದರೆ ಯಾವುದು ಎಂಬ ಪ್ರಶ್ನೆ ಹಾಗಿರಲಿ, ಕನ್ನಡವಾದರೂ ಕಾಣಬೇಕಲ್ಲ? ಕಂಡರೂ ಕನ್ನಡಕ ಹಾಕಿಕೊಂಡವರಿಗೂ ಓದಲಾಗದಷ್ಟು ಚಿಕ್ಕದು. ಡೈ ಹಾಕಿಕೊಳ್ಳುವವರು ಸಾಮಾನ್ಯವಾಗಿ ಚಾಳೀಸು ಬಂದ ವಯಸ್ಸಿನವರೇ ಎಂಬುದು ಕಂಪನಿಗಳಿಗೆ ತಿಳಿಯದ ಸಂಗತಿಯೇನಲ್ಲ.

ಇಷ್ಟಕ್ಕೂ ಪಿಪಿಡಿ ಏನು? ಬೆಂಜೀನ್ ಉಂಗುರದ ಎದುರುಬದುರಿನ ಎರಡು ತುದಿಗೆ ಒಂದೊಂದು ಅಮೈನ್ ಗುಂಪು ಅಂಟಿಕೊಂಡ ಪುಟ್ಟ ಅಣು. ಶುದ್ಧವಾಗಿದ್ದಾಗ ಬಿಳಿಯ ಹರಳು. ಗಾಳಿಗಿಟ್ಟರೆ ಆಮ್ಲಜನಕ ಹೀರಿ ಮೊದಲು ಕಂದು, ಆಮೇಲೆ ಕಪ್ಪು. ಕರಗುವುದು ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಗಾಳಿಗೆ ಕಪ್ಪಾಗುವ ಈ ಗುಣವೇ ಅದರ ಬಂಡವಾಳ. ಜರ್ಮನಿಯ ಹಾಫ್‌ಮನ್ 1863ರಲ್ಲಿ ಇದನ್ನು ವಿವರಿಸಿದ. ಮೊದಲು ಪ್ರಾಣಿಗಳ ತುಪ್ಪಳಕ್ಕೆ ಬಣ್ಣ ಕಟ್ಟಲು ಬಳಸಿದರು. ಆಮೇಲೆ ಮನುಷ್ಯರ ತಲೆಗೆ ಬಂತು. ಪ್ಯಾರಿಸ್‌ನ ಯೂಜೀನ್ ಶುಲೆರ್ 1907ರಲ್ಲಿ ಕೂದಲಿನ ಬಣ್ಣ ತಯಾರಿಸಿ ಕ್ಷೌರಿಕರಿಗೆ ಮಾರತೊಡಗಿದ. ಅವನು ಕಟ್ಟಿದ ಕಂಪನಿಯೇ ಲೊರಿಯಾಲ್. ಗುಂಡು ತಡೆಯುವ ಜಾಕೆಟ್ಟಿನ ಕೆವ್ಲಾರ್ ನೂಲಿಗೂ ಪಿಪಿಡಿಯೇ ಕಚ್ಚಾವಸ್ತು. ಟೈರು ಬಿರಿಯದಂತೆ ರಬ್ಬರಿಗೆ ಸೇರಿಸುವುದು ಇದರ ಸಂಬಂಧಿಕ ಸಂಯುಕ್ತಗಳನ್ನು. ಕಾರ್ಖಾನೆಗಳಲ್ಲಿ ಇದನ್ನು ಹೇಗೆ ಹದ್ದುಬಸ್ತಿನಲ್ಲಿ ಇಡುತ್ತಾರೆ ಎಂಬುದಕ್ಕೆ ಒಂದು ಲೆಕ್ಕ: ಅಮೆರಿಕದಲ್ಲಿ ಕೆಲಸದ ಜಾಗದ ಒಂದು ಘನ ಮೀಟರ್ ಗಾಳಿಯಲ್ಲಿ 0.1 ಮಿಲಿಗ್ರಾಂಗಿಂತ ಹೆಚ್ಚು ಇರುವಂತಿಲ್ಲ. ಪುಡಿ ಉಪ್ಪಿನ ಒಂದೆರಡು ಹರಳಿನಷ್ಟು.

ಕೂದಲಿನೊಳಗೆ ನಡೆಯುವುದೂ ಇದೇ ಉತ್ಕರ್ಷಣ. ಬಣ್ಣ ಹಿಡಿಯದ ಸಣ್ಣ ಅಣುಗಳು ಕೂದಲೊಳಗೆ ನುಸುಳುತ್ತವೆ. ಡೆವಲಪರ್‌ನ ಹೈಡ್ರೋಜನ್ ಪೆರಾಕ್ಸೈಡ್ ಅವನ್ನು ಪರಸ್ಪರ ಬೆಸೆದು ದೊಡ್ಡ ಕಪ್ಪು ಅಣುಗಳಾಗಿಸುತ್ತದೆ. ಅವು ಹೊರಬರಲಾಗದೆ ಅಲ್ಲೇ ಉಳಿಯುತ್ತವೆ. ನೀರಲ್ಲಿ ಕಲೆಸುವ ಪುಡಿಗಳಲ್ಲಿ ಈ ಆಕ್ಸಿಡೈಸರ್ ಪುಡಿಯಲ್ಲೇ ಬೆರೆತಿರುತ್ತದೆ. ಅಲರ್ಜಿ ಹುಟ್ಟಿಸುವುದು ಪಿಪಿಡಿ ಮತ್ತು ಅದು ಕಪ್ಪಾಗುವ ದಾರಿಯಲ್ಲಿ ಹುಟ್ಟುವ, ಚರ್ಮದ ಪ್ರೋಟೀನಿಗೆ ಅಂಟಿಕೊಳ್ಳುವ ನಡುವಣ ಅಣುಗಳು. ಒಮ್ಮೆ ಮೈ ಅದನ್ನು ಶತ್ರುವೆಂದು ಗುರುತಿಸಿತೋ, ಆ ನೆನಪು ಸಾಮಾನ್ಯವಾಗಿ ಜೀವನಪರ್ಯಂತ. ಹತ್ತು ವರ್ಷ ಏನೂ ಆಗದವರಿಗೆ ಹನ್ನೊಂದನೇ ವರ್ಷ ಹಣೆ, ಕಿವಿ, ಕಣ್ಣಿನ ಸುತ್ತ ಊದಿಕೊಳ್ಳುವುದು ಇದರಿಂದಲೇ. ಪ್ರತಿ ಸಲವೂ ಪರೀಕ್ಷಿಸಿ ಎಂದು ನಿಯಮ ಹೇಳುವುದಕ್ಕೂ ಇದೇ ಕಾರಣ: ಕಲೆಸಿದ ಬಣ್ಣವನ್ನು ಕಿವಿಯ ಹಿಂದೆಯೋ ಮುಂದೋಳಿನ ಒಳಬದಿಗೋ ಒಂದಿಷ್ಟು ಹಚ್ಚಿ, 24 ಗಂಟೆ ಕಾದು ನೋಡಬೇಕು. ಮದುವೆಯ ಹಿಂದಿನ ಸಂಜೆ ಸೆಲೂನಿನ ಕುರ್ಚಿಯಲ್ಲಿ ಕೂತವರಿಗೆ ಇಪ್ಪತ್ತನಾಲ್ಕು ಗಂಟೆ ಎಲ್ಲಿಂದ ಬರಬೇಕು!

‘ಅಮೋನಿಯಾ ಇಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದ ಪೊಟ್ಟಣಗಳನ್ನು ಜನ ನಂಬುತ್ತಾರೆ. ಅಮೋನಿಯಾ ಇಲ್ಲದಿದ್ದರೆ ಕಡಿಮೆಯಾಗುವುದು ಮೂಗಿಗೆ ಅಡರುವ ಘಾಟು. ಪಿಪಿಡಿ ಅಲರ್ಜಿಗೂ ಅದಕ್ಕೂ ಸಂಬಂಧವಿಲ್ಲ. ‘ಕಪ್ಪು ಮೆಹಂದಿ’ಯದು ಇನ್ನೂ ನಾಜೂಕಾದ ಮೋಸ. ಗೋರಂಟಿ ಸೊಪ್ಪಿನ ಬಣ್ಣ ಕಿತ್ತಳೆಯಿಂದ ಕೆಂಗಂದಿನವರೆಗೆ ಹೋದೀತು, ಅದಕ್ಕೂ ಗಂಟೆಗಟ್ಟಲೆ ಬೇಕು. ಕೆಲವೇ ನಿಮಿಷದಲ್ಲಿ ಕೈ ಕಡುಕಪ್ಪಾಯಿತೆಂದರೆ ಅದರಲ್ಲಿ ಗೋರಂಟಿಯ ಜತೆ ಬೇರೇನೋ ಇದೆ. ಐರೋಪ್ಯ ಒಕ್ಕೂಟ ತಲೆಗೆ ಹಚ್ಚುವ ಮಿಶ್ರಣದಲ್ಲಿ ಪಿಪಿಡಿ ಶೇ 2 ದಾಟಬಾರದೆಂದು ಮಿತಿ ಹಾಕಿದೆ. ಚರ್ಮದ ಮೇಲೆ ಚಿತ್ತಾರ ಬರೆಯಲು ಅವಕಾಶವನ್ನೇ ಕೊಟ್ಟಿಲ್ಲ. ಹೆಣ್ಣುಮಕ್ಕಳ ಅಂಗೈಗೆ ಹಬ್ಬದ ದಿನ ಕೋನ್ ಹಿಡಿಯುವ ನಾವು ಇದನ್ನು ಗಮನಿಸಬೇಕು. ಬಾಲ್ಯದಲ್ಲಿ ಅಂಗೈಯಲ್ಲಿ ಹುಟ್ಟಿದ ಅಲರ್ಜಿ ನಲವತ್ತರಲ್ಲಿ ತಲೆಯ ಮೇಲೆ ಎದ್ದು ನಿಲ್ಲುತ್ತದೆ.

ತಿಂಗಳಿಗೊಮ್ಮೆ ಡೈ ಹಾಕಿಸಿಕೊಳ್ಳುವವರ ಕಥೆ ಇದಾದರೆ, ದಿನಕ್ಕೆ ನಾಲ್ಕಾರು ತಲೆಗೆ ಹಾಕುವವರದು? ಚರ್ಚೆ ಇಲ್ಲಿಗೆ ಬರುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪಿಪಿಡಿಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ವರ್ಗೀಕರಿಸಿಲ್ಲ. ಮನೆಯಲ್ಲಿ ಹಚ್ಚಿಕೊಳ್ಳುವವರ ಬಗೆಗೂ ಸಾಕ್ಷ್ಯ ಸಾಲದು ಎಂದೇ ಹೇಳಿದೆ. ಆದರೆ ಕ್ಷೌರಿಕರ, ಕೇಶವಿನ್ಯಾಸಕರ ವೃತ್ತಿಯನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ 2ಎ ಗುಂಪಿಗೆ ಸೇರಿಸಿದೆ. ಒಂದೇ ಬಟ್ಟಲಿನ ಬಣ್ಣ. ಕುರ್ಚಿಯಲ್ಲಿ ಕೂತವನಿಗೆ ಒಂದು ತೀರ್ಪು, ಹಿಂದೆ ನಿಂತವನಿಗೆ ಇನ್ನೊಂದು.

ಕ್ಯಾನ್ಸರ್ ದೂರದ ಮಾತು, ಕೈ ಹತ್ತಿರದ್ದು. ಬೆರಳ ಸಂದಿ ಬಿರಿಯುವುದು, ರಾತ್ರಿ ತುರಿಕೆ, ಉಗುರಿನ ಸುತ್ತ ಕಪ್ಪು. ಸೋಪು, ನೀರು, ಚಳಿ ಎಂದು ಕಾರಣ ಹೇಳಿಕೊಂಡು ಕಟಿಂಗ್ ಶಾಪಿನವರು ಕೆಲಸ ಮುಂದುವರಿಸುತ್ತಾರೆ, ಕತ್ತರಿ ಹಿಡಿಯಲಾಗದ ದಿನದವರೆಗೆ. 1948ರ ಫ್ಯಾಕ್ಟರಿ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ರಾಸಾಯನಿಕ ಸಂಪರ್ಕದಿಂದ ಬರುವ ಚರ್ಮದ ಉರಿಯೂತವೂ ಇತ್ತು; ಅಂಥ ಕಾರ್ಮಿಕನನ್ನು ಕಂಡ ವೈದ್ಯರು ಸರ್ಕಾರಕ್ಕೆ ವರದಿ ಮಾಡಬೇಕಿತ್ತು. ಗೌರಿಬಿದನೂರಿನ ಕೈಗಾರಿಕಾ ಪ್ರದೇಶದ ಕಾರ್ಮಿಕನಿಗೆ ಆ ಸಾಲು ಅನ್ವಯವಾಗುತ್ತಿತ್ತು. ಅದೇ ಊರಿನ ಬಸ್ ನಿಲ್ದಾಣದ ಬಳಿಯ ಸೆಲೂನಿನಲ್ಲಿ ಒಬ್ಬರೋ ಇಬ್ಬರೋ ದುಡಿಯುತ್ತಾರೆ. ಅದು ಫ್ಯಾಕ್ಟರಿ ಅಲ್ಲ, ಅವರ ಕೈಯ ಬಿರುಕು ಯಾವ ವರದಿಗೂ ಸೇರುವುದಿಲ್ಲ.

ಜರ್ಮನಿಯಲ್ಲಿ ಈ ವೃತ್ತಿಗೆಂದೇ ಪ್ರತ್ಯೇಕ ಸುರಕ್ಷತಾ ನಿಯಮವಿದೆ. ಅದರ ತಿರುಳು ತೀರಾ ಸರಳ: ಮೊದಲು ಕೂದಲು ಕತ್ತರಿಸಿ, ಆಮೇಲೆ ಬಣ್ಣ ಹಚ್ಚಿ, ಕಲೆಸುವಾಗ, ಹಚ್ಚುವಾಗ ಮಾತ್ರವಲ್ಲ, ತೊಳೆಯುವಾಗಲೂ ಕೈಗವಸು ಬಿಚ್ಚಬೇಡಿ. ನಮ್ಮಲ್ಲಿ ಎಡವುವುದು ಈ ಕೊನೆಯ ಹೆಜ್ಜೆಯಲ್ಲಿ. ಹಚ್ಚುವಾಗ ಬ್ರಷ್ ಇರುತ್ತದೆ, ತೊಳೆಯುವಾಗ ಬರಿಗೈ. ಪೊಟ್ಟಣದ ಜತೆ ಬರುವ ತೆಳು ಪ್ಲಾಸ್ಟಿಕ್ ಗವಸನ್ನು ತೊಳೆದು, ಒಳಹೊರಗು ಮಾಡಿ ಮತ್ತೆ ಹಾಕಿಕೊಂಡರೆ ಗವಸೇ ಬಣ್ಣವನ್ನು ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ನೈಟ್ರೈಲ್ ಗವಸು ಬೇಕು, ಒಮ್ಮೆ ಬಳಸಿ ಬಿಸಾಡಬೇಕು. ಪುಡಿಯ ಸ್ಯಾಶೆಯನ್ನು ಫ್ಯಾನಿನ ಕೆಳಗೆ ಹರಿಯಬಾರದು. ಆ ಧೂಳು ಉಬ್ಬಸಕ್ಕೆ ದಾರಿ. ಕ್ಷೌರಿಕ ವೃತ್ತಿಯ ಸವಿತಾ ಸಮಾಜಕ್ಕೆಂದು ರಾಜ್ಯದಲ್ಲಿ ಅಭಿವೃದ್ಧಿ ನಿಗಮವಿದೆ. ಅಂಗಡಿ ಹಾಕಲು ಸಾಲ ಕೊಡುವಾಗ ಒಂದು ಡಬ್ಬಿ ಗವಸು, ಅರ್ಧ ದಿನದ ತರಬೇತಿ ಸೇರಿಸಿದರೆ ನಿಗಮದ ಖಜಾನೆ ಬರಿದಾಗದು.

ಶಿಡ್ಲಘಟ್ಟದಲ್ಲಿ ಇನ್ನೊಂದು ತೊಡಕಿದೆ. ರೀಲಿಂಗ್ ಘಟಕಗಳಲ್ಲಿ ದಿನವಿಡೀ ಬಿಸಿನೀರಿನಲ್ಲಿ ಗೂಡು ಆಡಿಸುವ ಹೆಂಗಸರ ಕೈ ಮೊದಲೇ ಬಿರಿದಿರುತ್ತದೆ. ಬಿರಿದ ಚರ್ಮ ರಾಸಾಯನಿಕವನ್ನು ಬೇಗ ಒಳಗೆ ಬಿಟ್ಟುಕೊಳ್ಳುತ್ತದೆ. ಅದೇ ಬರಿಗೈಯಲ್ಲಿ ಮನೆಯವರ ತಲೆಗೆ ಡೈ ಹಚ್ಚುವುದು ಅಪಾಯವನ್ನು ಕರೆದು ಕೂರಿಸಿದಂತೆ.

ರೇಷ್ಮೆಯ ಮಾತು ಬಂದದ್ದರಿಂದ ಇನ್ನೊಂದು ಡಯಾಮೀನಿನ ಗತಿಯನ್ನೂ ನೋಡಬಹುದು. ಬೆಂಜಿಡೀನ್ ಕೂಡ ಆರೋಮ್ಯಾಟಿಕ್ ಡಯಾಮೀನೇ. ಅದರಿಂದ ತಯಾರಾದ ಬಣ್ಣಗಳು ಒಂದು ಕಾಲಕ್ಕೆ ಬಟ್ಟೆಗೆ ಸಲೀಸಾಗಿ ಬಳಕೆಯಾಗುತ್ತಿದ್ದವು. ಅದು ಮೂತ್ರಕೋಶದ ಕ್ಯಾನ್ಸರ್ ತರುತ್ತದೆಂಬುದು ಖಚಿತವಾಗಿತ್ತು, ಬಣ್ಣದ ಕಾರ್ಖಾನೆಗಳ ಕಾರ್ಮಿಕರು ಸತ್ತಿದ್ದರು. ಆದರೂ ನಮ್ಮಲ್ಲಿ ಒಟ್ಟು 112 ಬಣ್ಣಗಳ ಮೇಲೆ ನಿಷೇಧ ಬಿದ್ದದ್ದು 1990ರ ದಶಕದಲ್ಲಿ, ಹೆಚ್ಚುಕಡಿಮೆ ಜರ್ಮನಿ ಇಂಥ ಬಣ್ಣದ ಬಟ್ಟೆ ಬೇಡವೆಂದ ಹೊತ್ತಿಗೆ. ರಫ್ತು ಕೈತಪ್ಪುವ ಭಯ ಕಾನೂನಿಗೆ ಕಾಲು ಕೊಟ್ಟಿತು ಎಂದು ನಾನು ಭಾವಿಸುತ್ತೇನೆ. ಪಿಪಿಡಿ ಬೆಂಜಿಡೀನ್‌ನಷ್ಟು ಘೋರವಲ್ಲ, ಹೋಲಿಕೆಯನ್ನು ಎಳೆಯಬಾರದು. ಆದರೆ ಚಿಂತಾಮಣಿಯಲ್ಲಿ ಮಾರುವ ಸ್ಯಾಶೆಗೆ ಬರ್ಲಿನ್‌ನಲ್ಲಿ ಗಿರಾಕಿಯಿಲ್ಲ, ಗಿರಾಕಿ ನಾವೇ. ಒತ್ತಡವೂ ಇಲ್ಲಿಂದಲೇ ಬರಬೇಕು.

ಹೊಟ್ಟೆಗೆ ಹೋದಾಗಿನ ಸಂಗತಿಯನ್ನು ಚುಟುಕಾಗಿ ಹೇಳುತ್ತೇನೆ. ಗಡಿಯಾಚೆಯ ರಾಯಲಸೀಮೆಯ ಆಸ್ಪತ್ರೆಗಳ ವೈದ್ಯರು ವರ್ಷಗಳಿಂದ ಹೇರ್ ಡೈ ವಿಷದ ಬಗ್ಗೆ ಬರೆಯುತ್ತಲೇ ಇದ್ದಾರೆ. ಮಗು ಗೊತ್ತಿಲ್ಲದೆ ನುಂಗಿರಲಿ, ದೊಡ್ಡವರು ದುಃಖದಲ್ಲಿ ನುಂಗಿರಲಿ, ಕೆಲವೇ ಗಂಟೆಗಳಲ್ಲಿ ಮುಖ, ಕತ್ತು ಊದಿ ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ಆಮೇಲೆ ಸ್ನಾಯುಗಳು ಕರಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ನಿರ್ದಿಷ್ಟ ಪ್ರತಿವಿಷವಿಲ್ಲ, ಆದರೆ ಬೇಗ ತಲುಪಿದವರನ್ನು ಉಳಿಸಲು ಆಗುತ್ತದೆ. ವಾಂತಿ ಮಾಡಿಸಲು ಹೋಗಬೇಡಿ. ಬಾವು ಬರುವ ತನಕ ಕಾಯಬೇಡಿ. ಪೊಟ್ಟಣವನ್ನು ಜತೆಗೇ ಒಯ್ಯಿರಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ತಾಲ್ಲೂಕು ಆಸ್ಪತ್ರೆಗಳಲ್ಲಿ ಉಸಿರ್ನಾಳಕ್ಕೆ ದಾರಿ ಮಾಡಿಕೊಡುವ ತಯಾರಿ ಇರಬೇಕು. ಚಿಕ್ಕಬಳ್ಳಾಪುರದ ಸರ್ಕಾರಿ ವೈದ್ಯಕೀಯ ಕಾಲೇಜು ಇದಕ್ಕೆ ತರಬೇತಿ ಕೊಡಬಹುದು. ಮನಸ್ಸು ಭಾರವಾಗಿದ್ದರೆ, ಮನೆಯವರಲ್ಲಿ ಯಾರದೋ ಮಾತು ಹಾಗೆನಿಸಿದರೆ, ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಮತ್ತೆ ಅಂಗಡಿಯ ವಿಷಯ. ಸೌಂದರ್ಯ ಸಾಧನ ತಯಾರಿಸಲು ಲೈಸೆನ್ಸ್ ಬೇಕು, ಚಿಲ್ಲರೆ ಮಾರಲು ಬೇಡ. ಹಾಗಾಗಿ ಔಷಧದಂಗಡಿಗೆ ಬರುವ ಡ್ರಗ್ಸ್ ಇನ್‌ಸ್ಪೆಕ್ಟರ್ ಕಿರಾಣಿ ಅಂಗಡಿಯ ಹೇರ್ ಡೈ ಸರದ ಕಡೆ ತಿರುಗಿ ನೋಡುವ ಸಂದರ್ಭ ಅಪರೂಪ. ಹಳ್ಳಿ ಅಂಗಡಿಗಳ ಬೆನ್ನುಹತ್ತುವುದೂ ಬೇಡ. ಸರಕು ಬರುವುದು ಪೇಟೆಗಳ ಬೆರಳೆಣಿಕೆಯ ಸಗಟು ವ್ಯಾಪಾರಿಗಳಿಂದ. ಮದುವೆ ಸೀಸನ್‌ಗೆ ಮುಂಚೆ ಆ ಗೋದಾಮುಗಳಲ್ಲಿ ಒಂದು ಸುತ್ತು ಹಾಕಿ, ಸ್ಯಾಶೆಯ ಮೇಲೆ ಕನ್ನಡದ ಎಚ್ಚರಿಕೆ ಇದೆಯೇ, ಬಿಡಿಯಾಗಿ ಮಾರುವ ಪ್ರತಿ ಸ್ಯಾಶೆಯ ಜತೆಗೂ ಪರೀಕ್ಷೆಯ ವಿವರದ ಚೀಟಿ ಹೋಗುತ್ತದೆಯೇ ಅಥವಾ ಡಬ್ಬಿಯಲ್ಲೇ ಉಳಿಯುತ್ತದೆಯೇ ಎಂದು ನೋಡಿದರೆ ಸಾಕು. ಇಲ್ಲದಿದ್ದರೆ ನೋಟಿಸ್ ಹೋಗಬೇಕಾದ್ದು ಅಂಗಡಿಯವರಿಗಲ್ಲ, ತಯಾರಕರಿಗೆ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಈಗಿರುವ ನಿಯಮವೇ ಸಾಕಾಗುತ್ತದೆ.